ಗಂಗಮ್ಮನ ಪಾಲು

ಸಿದ್ಧಾರ್ಥನ ನಿಶ್ಚಿತಾರ್ಥದ ಆಲ್ಬಮ್ ಬಂದ ದಿನ ಭಾನುಪ್ರಕಾಶನ ಮನೆಯಲ್ಲಿ ಅವರೇಕಾಳಿನ ಸಾರು ತಳ ಹಿಡಿಯಿತು. ಹಿಡಿಯದೆ ಇನ್ನೇನಾದೀತು, ಒಲೆ ಹತ್ತಿರ ಇರಬೇಕಾದವರೂ ನಡುಮನೆಯಲ್ಲಿ ಆಲ್ಬಮ್ಮಿನ ಸುತ್ತ ಕೂತಿದ್ದರು.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಊರು ಅದು. ಭಾನುಪ್ರಕಾಶ ಊರಿನ ಹಾಲಿನ ಡೇರಿಯ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಹಾಲು ಅಳೆಸಿಕೊಂಡು ಉಳಿದ ಹೊತ್ತೆಲ್ಲ ಮಾತಾಡುವುದು ಅವನ ಕೆಲಸ. ಹುಳದ ಮನೆಯ ಯಜಮಾನಿಕೆ ಅವನ ಹೆಂಡತಿ ಕಲ್ಯಾಣಿಯದು. ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವುದು, ರೇಷ್ಮೆ ಹುಳಕ್ಕೆ ಹಾಕುವುದು, ಗೂಡು ಬಿಡಿಸಿ ಮಾರ್ಕೆಟ್ಟಿಗೆ ಕಳಿಸುವುದು ಎಲ್ಲಾ ಅವಳದೇ. ಮಗ ಸಿದ್ಧಾರ್ಥ ಚಿಂತಾಮಣಿಯ ಟ್ರಾಕ್ಟರ್ ಶೋರೂಮಿನಲ್ಲಿದ್ದಾನೆ. ಭಾನುಪ್ರಕಾಶನ ತಾಯಿ ಕೊಂಡಮ್ಮನಿಗೆ ವಯಸ್ಸಾಗಿದೆ, ಬಾಯಿಗೆ ಆಗಿಲ್ಲ.

ಕಲ್ಯಾಣಿ ಒಂದು ಫೋಟೋದ ಮೇಲೆ ಬೆರಳಿಟ್ಟಳು. "ಇದ್ಯಾರೋ ನಿನ್ನ ಪಕ್ಕ ನಿಂತಿರೋದು?"

"ನೀನೇ ಕಣಮ್ಮ! ಸೀರೆ ನೋಡು."

"ಸೀರೆ ನಂದೇ. ಮುಖ ಯಾರ್ದು?"

ಎಲ್ಲರೂ ನಕ್ಕರು. ಕಲ್ಯಾಣಿ ನಗಲಿಲ್ಲ. ಅವಳ ಎರಡೂ ಕೆನ್ನೆಯ ತುಂಬ ಗುಳಿಗಳಿದ್ದವು, ಹಣೆಯ ಮೇಲೂ ಕೆಲವು. ಸಿದ್ಧಾರ್ಥ ಮಗುವಾಗಿದ್ದಾಗ ಅವನಿಗೆ 'ಅಮ್ಮ' ಆಗಿತ್ತು, ಊರವರು ಗಂಗಮ್ಮ ದೇವರದು ಅನ್ನುವ, ಡಾಕ್ಟರು ಚಿಕನ್‌ಪಾಕ್ಸ್ ಅನ್ನುವ ಅದೇ ಅಮ್ಮ. ಮಗುವಿನ ಆರೈಕೆ ಮಾಡಿದ ಕಲ್ಯಾಣಿಗೆ ಅದು ತಗುಲಿ, ಮಗುವಿಗಿಂತ ಹತ್ತು ಪಟ್ಟು ಜೋರಾಗಿ ಎದ್ದು, ಹೋಗುವಾಗ ಮುಖದ ಮೇಲೆ ಗುರುತು ಇಟ್ಟು ಹೋಯಿತು. ಅಂದಿನಿಂದ ಈ ಮನೆಯ ಯಾವ ಫೋಟೋದಲ್ಲಿ ನೋಡಿದರೂ ಕಲ್ಯಾಣಿ ಹಿಂದಿನ ಸಾಲಿನಲ್ಲಿರುತ್ತಾಳೆ, ಇಲ್ಲವೇ ಆರತಿ ತಟ್ಟೆಯನ್ನು ಬೇಕೆಂದೇ ಮೇಲೆ ಎತ್ತಿ ಹಿಡಿದಿರುತ್ತಾಳೆ. ನಿಶ್ಚಿತಾರ್ಥದ ದಿನ ಮಾತ್ರ ಹುಡುಗನ ತಾಯಿ ಎಂದು ಮುಂದಕ್ಕೆ ಎಳೆದು ನಿಲ್ಲಿಸಿದ್ದರು. ಫೋಟೋದವನು ಆ ಮುಖವನ್ನು ಕಂಪ್ಯೂಟರಿನಲ್ಲಿ ಉಜ್ಜಿ ಉಜ್ಜಿ ಬೇರೆ ಯಾರನ್ನೋ ಮಾಡಿದ್ದ.

"ಚೆನ್ನಾಗೇ ಬಂದಿದೆಯಲ್ಲೇ," ಅಂದ ಭಾನುಪ್ರಕಾಶ. "ಎಲ್ಲರಿಗೂ ಸ್ವಲ್ಪ ನೈಸ್ ಮಾಡ್ತಾರೆ."

"ನಿಮಗೇನು ಮಾಡಿಲ್ಲವಲ್ಲ. ನಿಮ್ಮ ಮೂಗಿನ ಮೇಲಿನ ಮಚ್ಚೆ ಹಂಗೇ ಇದೆ. ನನ್ನೊಬ್ಬಳನ್ನೇ ಅಳಿಸಿದಾರೆ."

ಮಾತಿನಲ್ಲಿ ಸಿಕ್ಕಿಬಿದ್ದಾಗ ಭಾನುಪ್ರಕಾಶ ಊಟಕ್ಕೆ ಹೊತ್ತಾಯಿತು ಅನ್ನುತ್ತಾನೆ, ಅದನ್ನೇ ಅಂದ.

ಮುದ್ದೆ ಬಡಿಸುತ್ತಾ ಕಲ್ಯಾಣಿ ಹೇಳಿಬಿಟ್ಟಳು. "ಕಂಪ್ಯೂಟರಲ್ಲಿ ಮಾಡಿದ್ದನ್ನ ಮುಖದ ಮೇಲೇ ಮಾಡೋಕೆ ಬರುತ್ತಂತೆ. ಲೇಸರ್ ಅಂತೆ. ಹರಿಣಿ ಹೇಳಿದ್ಲು. ನಾನು ಮಾಡಿಸ್ಕೊಳ್ತೀನಿ."

ಹರಿಣಿ ಅಂದರೆ ಸಿದ್ಧಾರ್ಥನ ಕೈ ಹಿಡಿಯಲಿರುವ ಹುಡುಗಿ. ಚಿಂತಾಮಣಿಯ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್.

"ಈ ವಯಸ್ಸಲ್ಲಾ?" ಅಂದ ಭಾನುಪ್ರಕಾಶ. "ಮಗನ ಮದುವೆ ಇಟ್ಕೊಂಡು ಅಮ್ಮ ಮುಖ ರಿಪೇರಿ ಮಾಡಿಸ್ಕೊಂಡ್ಲು ಅಂತ ಡೇರಿ ಮುಂದೆ ನಿಂತು ನಗ್ತಾರೆ ಜನ."

"ಹಾಲಿಗೆ ನೀರು ಹಾಕ್ಕೊಂಡು ಬರೋರು ನಗ್ತಾರೆ ಅಂತ ನಾನು ಮುಖ ಮುಚ್ಕೊಂಡಿರ್ಲಾ? ನನ್ನ ಬೆಳೆ ದುಡ್ಡು ಕಣ್ರೀ. ನಿಮ್ಮನ್ನ ಕೇಳಿಲ್ಲ."

"ಬ್ಯಾಂಡ್‌ಸೆಟ್ಟಿಗೆ ಇಟ್ಟಿರೋ ದುಡ್ಡು ಅದು!"

"ಬ್ಯಾಂಡ್ ಇಲ್ದಿದ್ರೂ ನಿಮ್ಮ ಮಗನ ಮದುವೆ ಆಗುತ್ತೆ."

ಕೊಂಡಮ್ಮ ಮುರಿದ ಮುದ್ದೆಯನ್ನು ಬಾಯಿಗೆ ಇಡದೆ ತಟ್ಟೆಗೇ ಹಾಕಿದಳು. "ಅಮ್ಮ ಇಟ್ಟ ಗುರುತು ಅದು. ಅಳಿಸ್ತೀನಿ ಅಂತೀಯಾ? ಕಣ್ಣು ಕಾಣ್ತೈತಲ್ಲ ನಿಂಗೆ, ಸಾಲ್ದಾ?"

"ಕಣ್ಣಿಗೂ ಇದಕ್ಕೂ ಏನತ್ತೆ ಸಂಬಂಧ?"

ಕೊಂಡಮ್ಮ ತಟ್ಟೆ ಎತ್ತಿಕೊಂಡು ಹೋಗಿ ಎಮ್ಮೆಗೆ ಹಾಕಿದಳು. ಮುದ್ದೆ ಬಿಟ್ಟು ಏಳುವವಳಲ್ಲ ಆ ಮುದುಕಿ. ಮನೆಯವರು ಮುಖ ಮುಖ ನೋಡಿಕೊಂಡರು.

ಆ ಭಾನುವಾರ ಹರಿಣಿ ಬಂದಳು. ಸಿದ್ಧಾರ್ಥ ಅಷ್ಟರಲ್ಲಿ ಫೋನಿನಲ್ಲಿ ಒಂದು ಜಾಗ ಹುಡುಕಿದ್ದ. ಒಂದೇ ಸಿಟ್ಟಿಂಗಿನಲ್ಲಿ ಗಾಜಿನಂಥ ಮುಖವಂತೆ, ಆ ತಿಂಗಳು ರಿಯಾಯಿತಿಯೂ ಇತ್ತು. ಹರಿಣಿ "ಯಾರು ಮಾಡ್ತಾರೆ ಅಂತ ಕೇಳಿ" ಅಂದಳು. ಅವನು ಎಲ್ಲರೆದುರಿಗೇ ಸ್ಪೀಕರ್ ಹಾಕಿ ಫೋನ್ ಮಾಡಿದ.

"ನಮ್ಮ ಟ್ರೇನಿಂಗ್ ಆಗಿರೋ ಹುಡುಗೀರು ಮಾಡ್ತಾರೆ ಸರ್," ಅಂದಿತು ಆ ಕಡೆಯ ದನಿ.

"ಡಾಕ್ಟ್ರು ಇರ್ತಾರಾ?"

"ಬೇಕಂದ್ರೆ ಫೋನಲ್ಲಿ ಸಿಗ್ತಾರೆ ಸರ್."

"ಇಡು, ಇಡು," ಅಂದಳು ಕಲ್ಯಾಣಿ. "ಫೋನಲ್ಲಿರೋ ಡಾಕ್ಟ್ರು ನನ್ನ ಮುಖ ಹೆಂಗೋ ನೋಡ್ತಾನೆ?"

ಹರಿಣಿಯ ಕಣ್ಣು ಕನ್ನಡಿ ಹತ್ತಿರವಿದ್ದ ಒಂದು ಟ್ಯೂಬಿನ ಮೇಲೆ ಬಿತ್ತು. ಮೂಲೆ ಅಂಗಡಿಯವನು ಯಾವತ್ತೋ ಕೊಟ್ಟ ಕ್ರೀಮು. ಮುಖ ಬೆಳ್ಳಗಾಗುತ್ತೆ, ಗುಳಿ ತುಂಬುತ್ತೆ ಅಂತ ಕಲ್ಯಾಣಿ ವರ್ಷಗಟ್ಟಲೆ ಹಚ್ಚಿಕೊಂಡು ಬಂದಿದ್ದಳು.

"ಅತ್ತೆ, ಇದನ್ನ ದಿನಾ ಹಚ್ತೀರಾ? ಇದ್ರಲ್ಲಿ ಸ್ಟೀರಾಯ್ಡ್ ಇದೆ. ಡಾಕ್ಟರ್ ಹತ್ರ ಹೋಗುವಾಗ ಇದನ್ನೂ ತಗೊಂಡು ಹೋಗೋಣ. ಮುಚ್ಚಿಡಬೇಡಿ."

"ಇನ್ನೂ ಹೊಸ್ತಿಲು ದಾಟಿಲ್ಲ, ಆಗ್ಲೇ ಅತ್ತೆಗೆ ಬುದ್ಧಿ ಹೇಳ್ತೈತೆ," ಅಂದಳು ಕೊಂಡಮ್ಮ ಗೋಡೆಗೆ ಹೇಳುವಂತೆ. ಹರಿಣಿ ನಕ್ಕು, "ದಾಟಿದ ಮೇಲೆ ಇನ್ನೂ ಹೇಳ್ತೀನಿ ಅಜ್ಜಿ," ಅಂದಳು. ಕೊಂಡಮ್ಮನಿಗೆ ಸಿಟ್ಟು ಬರಬೇಕಿತ್ತು, ಅದೇಕೋ ಬರಲಿಲ್ಲ.

ಚಿಕ್ಕಬಳ್ಳಾಪುರದ ಚರ್ಮದ ಡಾಕ್ಟರ ಹೆಸರು ಷಮೀಮ್. ಮುಖವನ್ನು ದೀಪದ ಕೆಳಗೆ ಹಿಡಿದು ನೋಡಿದರು, ಬೆರಳಿನಿಂದ ಚರ್ಮ ಎಳೆದು ನೋಡಿದರು. ಆಮೇಲೆ ಟ್ಯೂಬು ನೋಡಿ ತಲೆ ಆಡಿಸಿದರು.

"ಇದು ನಿಮ್ಮ ಚರ್ಮಾನ ತೆಳ್ಳಗೆ ಮಾಡಿಬಿಟ್ಟಿದೆ ಅಮ್ಮ. ಮೊದಲು ಇದನ್ನ ಬಿಡ್ಬೇಕು. ಹೇಗೆ ಬಿಡೋದು ಅಂತ ಹೇಳ್ತೀನಿ, ಒಮ್ಮೆಗೇ ಬಿಟ್ರೆ ಮುಖ ಸಿಟ್ಟಾಗುತ್ತೆ. ಹೇಳಿದಂಗೆ ಬಿಟ್ರೂ ಸ್ವಲ್ಪ ದಿನ ಕೆಂಪಗೆ ಗುಳ್ಳೆ ಬರ್ಬಹುದು. ಹೆದರ್ಕೊಂಡು ಮತ್ತೆ ಹಚ್ಚಬೇಡಿ."

"ಲೇಸರ್ ಯಾವಾಗ ಡಾಕ್ಟ್ರೆ?"

"ಚರ್ಮ ಗಟ್ಟಿಯಾದ ಮೇಲೆ. ಶಿವರಾತ್ರಿ ಹೊತ್ತಿಗೆ ನೋಡೋಣ. ತುಟಿ ಮೇಲೆ ಜ್ವರದ ಗುಳ್ಳೆ ಏಳೋದುಂಟಾ?"

"ಒಂದೊಂದು ಸಲ."

"ಹಂಗಾದ್ರೆ ಮುಂಚೆ ಮಾತ್ರೆ ಕೊಡ್ತೀನಿ. ಇಲ್ದಿದ್ರೆ ಲೇಸರ್ ಆದ ಮೇಲೆ ಅದು ಮುಖದ ತುಂಬ ಏಳುತ್ತೆ. ಗಾಯ ಆದ ಜಾಗ ಉಬ್ಬಿ ನಿಲ್ಲುತ್ತಾ? ಸಕ್ಕರೆ ಕಾಯಿಲೆ? ಮೊಡವೆಗೆ ಅಂತ ಮಾತ್ರೆ ತಗೋತಿದ್ರಾ?"

ಎಲ್ಲಕ್ಕೂ ಇಲ್ಲವೆಂದಾಯಿತು. ಡಾಕ್ಟರು ಒಂದು ಕಾಗದ ತೆಗೆದು ಅದರ ಮೇಲೆ ಪೆನ್ನಿನ ಮೊನೆಯಿಂದ ಚುಕ್ಕೆ ಚುಕ್ಕೆ ಇಟ್ಟರು. "ಮಿಷಿನ್ನು ಚರ್ಮದಲ್ಲಿ ಹೀಗೆ ಸಣ್ಣ ಸಣ್ಣ ತೂತು ಸುಡುತ್ತೆ. ಮಧ್ಯದ ಚರ್ಮ ಮುಟ್ಟಲ್ಲ. ಆ ಒಳ್ಳೇ ಚರ್ಮವೇ ಸುಟ್ಟ ಜಾಗನ ತುಂಬಿಕೊಂಡು ಬರುತ್ತೆ. ಅದಕ್ಕೆ ತಿಂಗಳುಗಳು ಬೇಕು. ಒಂದೇ ಸಲಕ್ಕೆ ಆಗಲ್ಲ."

"ಎಲ್ಲಾ ಗುಳಿ ಹೋಗುತ್ತಾ?"

"ಇಲ್ಲ. ಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಎದ್ದು ಬಂದ್ಬಿಡಿ. ಆಳ ಕಮ್ಮಿಯಾಗುತ್ತೆ, ಕೆಲವು ಉಳಿಯುತ್ತೆ. ಇನ್ನೊಂದು ಮಾತು. ನಮ್ಮ ನಿಮ್ಮ ಬಣ್ಣದವರಿಗೆ ಬಿಸಿಲು ತಗುಲಿದ್ರೆ ಸುಟ್ಟ ಜಾಗ ಕಪ್ಪಾಗುತ್ತೆ. ಮುಂಚೆಯೂ ಬಿಸಿಲು ಬೇಡ, ಆಮೇಲೂ ಬೇಡ. ಮೊದಲು ಕಿವಿ ಹತ್ರ ಒಂದು ಚೂರು ಮಾಡಿ ನೋಡ್ತೀನಿ. ಮದುವೆ ಯಾವಾಗ ಅಂದ್ರಿ?"

"ಶ್ರಾವಣದಲ್ಲಿ," ಅಂದಳು ಹರಿಣಿ.

"ಮದುವೆ ದಿನಕ್ಕೆ ಲೆಕ್ಕ ಇಟ್ಕೊಂಡು ಅವಸರ ಮಾಡೋದಾದ್ರೆ ನಾನು ಮಾಡಲ್ಲ."

"ಮದುವೆಗಲ್ಲ ಡಾಕ್ಟ್ರೆ," ಅಂದಳು ಕಲ್ಯಾಣಿ. "ನನಗೆ."

ಡಾಕ್ಟರು ಪೆನ್ನು ಕೆಳಗಿಟ್ಟು ಮೊದಲ ಸಲ ನಕ್ಕರು.

ಬಿಸಿಲಿಗೆ ಹೋಗಬಾರದು ಎಂದು ಹೇಳುವುದು ಸುಲಭ. ಹಿಪ್ಪುನೇರಳೆ ತೋಟ ಇರುವುದೇ ಬಿಸಿಲಿನಲ್ಲಿ. ಬೆಳಗಿನ ಸೊಪ್ಪನ್ನು ಕಲ್ಯಾಣಿ ಹೊತ್ತು ಮೂಡುವ ಮುಂಚೆ ಕೊಯ್ದು ತರತೊಡಗಿದಳು. ಉಳಿದ ಸೊಪ್ಪು ಯಾರು ತರಬೇಕು? ಸಿದ್ಧಾರ್ಥ ಕೆಲಸಕ್ಕೆ ಹೋಗುತ್ತಿದ್ದ. ಉಳಿದವನು ಭಾನುಪ್ರಕಾಶ. ಮೊದಲ ದಿನ ಅವನು ತಂದ ಕಟ್ಟು ನೋಡಿ ಕಲ್ಯಾಣಿ ಹಣೆ ಚಚ್ಚಿಕೊಂಡಳು.

"ರೀ, ಇದು ಹುಳಕ್ಕಾ ಮೇಕೆಗಾ? ಬಲಿತ ಸೊಪ್ಪು, ಎಳೆ ಸೊಪ್ಪು, ಕಡ್ಡಿ, ಎಲ್ಲಾ ಒಟ್ಟಿಗೆ ತಂದಿದೀರಲ್ಲ!"

"ಸೊಪ್ಪು ಸೊಪ್ಪೇ ಕಣೇ."

"ಹಾಲು ಹಾಲೇ ಅಂತ ನಿಮ್ಮ ಡೇರಿಲಿ ತಗೋತೀರಾ?"

ಡೇರಿಯ ಮಾತು ಬಂದರೆ ಭಾನುಪ್ರಕಾಶ ಸೋಲುತ್ತಿದ್ದ. ಒಂದು ವಾರದಲ್ಲಿ ಸೊಪ್ಪು ಕೊಯ್ಯುವುದು ಕಲಿತ, ಎರಡನೇ ವಾರ ಸೊಂಟ ನೋವು ಅಂದ, ಮೂರನೇ ವಾರ "ನೀನು ಇದನ್ನ ಇಷ್ಟು ವರ್ಷ ಒಬ್ಬಳೇ ಮಾಡ್ತಿದ್ಯಾ?" ಎಂದು ಕೇಳಿದ. ಕಲ್ಯಾಣಿ ಹುಳಕ್ಕೆ ಸೊಪ್ಪು ಹರಡುತ್ತಾ ಹೋದಳು. ಆದರೆ ಆ ರಾತ್ರಿ ಅವನ ತಟ್ಟೆಗೆ ತುಪ್ಪ ಜಾಸ್ತಿ ಬಿತ್ತು.

ಬಿಸಿಲಿಗೆ ಹಚ್ಚುವ ಕ್ರೀಮಿನಿಂದ ಇನ್ನೊಂದು ಜಗಳ. ಹುಳದ ಮನೆಯೊಳಗೆ ಸೆಂಟು, ಪೌಡರು, ಊದಿನಕಡ್ಡಿ ಯಾವುದೂ ಹೋಗಬಾರದು ಎಂಬುದು ಆ ಮನೆಯ ಕಾಯಿದೆ. ಕೊಂಡಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಆ ವಾಸ್ನೆ ಹಾಕ್ಕೊಂಡು ಒಳಗೆ ಕಾಲಿಟ್ರೆ ಹುಳ ಸೊಪ್ಪು ಬಿಡ್ತಾವೆ ಕಣಮ್ಮಾಯಿ. ಮುಖ ಬೇಕಾ, ಬೆಳೆ ಬೇಕಾ, ಒಂದು ಹೇಳು."

"ಎರಡೂ ಬೇಕು," ಅಂದಳು ಕಲ್ಯಾಣಿ. ಹರಿಣಿಗೆ ಫೋನ್ ಮಾಡಿ ವಾಸನೆಯೇ ಇಲ್ಲದ ಕ್ರೀಮು ತರಿಸಿದಳು. ಕೊಂಡಮ್ಮ ಅವಳ ಕೆನ್ನೆಗೆ ಮೂಗು ಹಚ್ಚಿ ಮೂಸಿ ನೋಡಿ, ಬೇರೆ ದಾರಿ ಇಲ್ಲದೆ ಒಳಗೆ ಬಿಟ್ಟಳು.

ಹಳೇ ಕ್ರೀಮು ಬಿಟ್ಟದ್ದಕ್ಕೆ ಡಾಕ್ಟರು ಹೇಳಿದಂತೆಯೇ ಮುಖ ಕೆಂಪೇರಿ ಗುಳ್ಳೆ ಎದ್ದವು. ಪಕ್ಕದ ಮನೆಯ ಆಂಜಿನಮ್ಮ ದಿನಾ ಬಂದು ನೋಡಿ, "ಇದ್ದಿದ್ದೇ ವಾಸಿ ಇತ್ತಲ್ಲೇ," ಅಂದು ಹೋಗುತ್ತಿದ್ದಳು. ಒಂದು ದಿನ ಕಲ್ಯಾಣಿ ಕನ್ನಡಿ ಮುಂದೆ ನಿಂತು ಅತ್ತಳು. ಟ್ಯೂಬು ಕೈಯಲ್ಲಿತ್ತು, ಮುಚ್ಚಳ ತೆಗೆದಿತ್ತು. ಒಂದೇ ಒಂದು ಸಲ ಹಚ್ಚಿದರೆ ಬೆಳಿಗ್ಗೆಗೆ ಎಲ್ಲಾ ಇಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಿಂಡಿದಳು, ಇದ್ದಷ್ಟನ್ನೂ ಹಿಂಡಿ ಬಚ್ಚಲಿಗೆ ಹಾಕಿ ನೀರು ಸುರಿದಳು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಮುಖ ತಾನಾಗಿ ತಣ್ಣಗಾಯಿತು.

ಈ ನಡುವೆ ಕೊಂಡಮ್ಮನದು ಒಂದು ಹೊಸ ಚಾಳಿ. ದಿನಾ ಬೆಳಿಗ್ಗೆ ಸೂಜಿ ದಾರ ಹಿಡಿದು ಬರುವಳು. "ಪೋಣ್ಸಿ ಕೊಡು." ಕಲ್ಯಾಣಿ ಪೋಣಿಸಿ ಕೊಡುವಳು. ಮಾರನೇ ದಿನ ಮತ್ತೆ ಬರುವಳು. ಕಿವಿಯ ಹತ್ತಿರ ಡಾಕ್ಟರು ಚೂರು ಲೇಸರ್ ಮಾಡಿ ಕಳಿಸಿದ ದಿನವಂತೂ ಮೂರು ಸಲ ಬಂದಳು.

ಕಲ್ಯಾಣಿಯ ತಾಳ್ಮೆ ತಪ್ಪಿತು. "ದಿನಾ ಏನತ್ತೆ ಹೊಲೀತೀರಿ? ಹರಿದಿರೋ ಬಟ್ಟೆ ಒಂದೂ ಕಾಣ್ತಿಲ್ಲ!"

ಕೊಂಡಮ್ಮ ಸೂಜಿ ಇಸಿದುಕೊಳ್ಳಲಿಲ್ಲ. ಒರಳಕಲ್ಲಿನ ಮೇಲೆ ಕೂತಳು. "ಕಣ್ಣು ನೋಡ್ತಿದ್ದೆ ಕಣೇ ನಿಂದು."

"ನನ್ನ ಕಣ್ಣಿಗೇನಾಗಿದೆ?"

"ನಿಂಗೆ ಅಮ್ಮ ಆದಾಗ ರೆಪ್ಪೆ ಮೇಲೂ ಎದ್ದಿತ್ತು. ಎರಡು ದಿನ ಕಣ್ಣೇ ಬಿಡ್ಲಿಲ್ಲ ನೀನು. ನಾನು ಒದ್ದೆ ಬಟ್ಟೇಲಿ ಗಂಗಮ್ಮನ ಗುಡಿಗೆ ಹೋದೆ. ತಾಯೀ, ಮಗು ಸಣ್ಣದು, ಇವಳ ಕಣ್ಣು ಉಳ್ಸು, ಮುಖ ಬೇಕಾದ್ರೆ ನೀನೇ ಇಟ್ಕೋ ಅಂದೆ. ಮಾರನೇ ದಿನ ನೀನು ಕಣ್ಣು ಬಿಟ್ಟೆ. ಕೊಟ್ಟಿದ್ದನ್ನ ವಾಪಸ್ ತಗೊಂಡ್ರೆ ಅವಳು ಸುಮ್ನಿರ್ತಾಳಾ? ಕಣ್ಣು ಕಿತ್ಕೊಂಡ್ರೆ ಏನು ಮಾಡ್ಲೇ ನಾನು?"

ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ಈ ಮಾತು ಯಾರಿಗೂ ಗೊತ್ತಿರಲಿಲ್ಲ. ಕಲ್ಯಾಣಿಗೆ ಮೊದಲು ಸಿಟ್ಟು ಬಂತು, ನನ್ನ ಮುಖ ಕೊಡೋಕೆ ಇವರು ಯಾರು ಅಂತ. ಆಮೇಲೆ ಒದ್ದೆ ಬಟ್ಟೆಯಲ್ಲಿ ಗುಡಿಯ ಕಡೆ ಓಡುತ್ತಿದ್ದ ಅತ್ತೆ ಕಣ್ಣ ಮುಂದೆ ಬಂದಳು. ಸಿಟ್ಟು ನಿಲ್ಲಲಿಲ್ಲ. ಪಕ್ಕದಲ್ಲಿ ಕೂತು ಅತ್ತೆಯ ಕೈ ಹಿಡಿದುಕೊಂಡಳು.

"ಅತ್ತೆ, ಡಾಕ್ಟ್ರು ಆಗ್ಲೇ ಹೇಳಿದಾರೆ, ಎಲ್ಲಾ ಗುಳಿ ಹೋಗಲ್ಲ ಅಂತ. ಹೋಗಿದ್ದು ನಂದು. ಉಳಿದಿದ್ದು ಗಂಗಮ್ಮನ ಪಾಲು. ಆಗ್ಬಹುದಾ?"

ಕೊಂಡಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. "ಕೇಳ್ತೀನಿ ಅವಳನ್ನ," ಅಂದಳು. ಶುಕ್ರವಾರ ಮೊಸರನ್ನ ಕಟ್ಟಿಕೊಂಡು, ಬೇವಿನ ಸೊಪ್ಪು ಹಿಡಿದುಕೊಂಡು ಗುಡಿಗೆ ಹೋಗಿಬಂದಳು. ಗಂಗಮ್ಮ ಏನು ಹೇಳಿದಳೋ ತಿಳಿಯದು. ಬಂದವಳೇ, "ನಾನೂ ಆಸ್ಪತ್ರೆಗೆ ಬರ್ತೀನಿ. ಕಣ್ಣಿಗೆ ಏನು ಕಟ್ತಾರೋ ನೋಡ್ಬೇಕು," ಅಂದಳು.

ಶಿವರಾತ್ರಿ ಕಳೆದ ವಾರ ಕಲ್ಯಾಣಿ, ಹರಿಣಿ, ಕೊಂಡಮ್ಮ ಮೂವರೂ ಬಸ್ಸು ಹತ್ತಿದರು. ಡಾಕ್ಟರು ಮುಖಕ್ಕೆ ಮರಗಟ್ಟಿಸುವ ಕ್ರೀಮು ದಪ್ಪಗೆ ಹಚ್ಚಿಸಿ ಕೂರಿಸಿದರು. ಕೊಂಡಮ್ಮ ಸೀದಾ ಅವರ ಎದುರಿಗೆ ಹೋಗಿ ನಿಂತಳು.

"ಕಣ್ಣಿಗೇನು ಕಟ್ತೀಯಮ್ಮ?"

ಷಮೀಮ್ ಡಾಕ್ಟರು ಬೇಸರಿಸಲಿಲ್ಲ. ಕಣ್ಣ ಮೇಲೆ ಇಡುವ ಲೋಹದ ಚಿಪ್ಪುಗಳನ್ನು ತಂದು ಕೊಂಡಮ್ಮನ ಅಂಗೈ ಮೇಲಿಟ್ಟರು. ಕೊಂಡಮ್ಮ ಕಿಟಕಿಯ ಕಡೆ ಹಿಡಿದು, ತನ್ನ ಕಣ್ಣಿಗೇ ಒತ್ತಿಕೊಂಡು, ಬೆಳಕು ಒಂದಿಷ್ಟೂ ನುಗ್ಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆ ಜೊತೆಯನ್ನು ತೊಳೆಯಲು ಕಳಿಸಿ ಡಾಕ್ಟರು ಬೇರೆ ಜೊತೆ ತೆಗೆದರು.

"ಮಾಡು," ಅಂದಳು ಕೊಂಡಮ್ಮ, ಅಪ್ಪಣೆ ಕೊಟ್ಟಂತೆ.

ಮರಗಟ್ಟಿದ್ದರೂ ನೋವಾಯಿತು. ಕಾದ ಎಣ್ಣೆಯ ಹನಿ ಸಿಡಿದಂತೆ ಕೆನ್ನೆಯ ಮೇಲೆ ಚುರುಚುರು, ಕೂದಲು ಸುಟ್ಟ ವಾಸನೆ, ಕಿವಿಯ ಪಕ್ಕ ತಣ್ಣನೆ ಗಾಳಿ ಊದುವ ಪೈಪು. ಮುಗಿಸಿ ಎದ್ದಾಗ ಮುಖ ಕೆಂಪಗೆ ಊದಿತ್ತು. ಡಾಕ್ಟರು ಮೂವರನ್ನೂ ಕೂರಿಸಿ ಹೇಳಿದರು. ಬೆಳಕಿಗೆ ಬರಬಾರದು, ಕೊಟ್ಟ ಮುಲಾಮು ಬಿಟ್ಟು ಏನೂ ಹಚ್ಚಬಾರದು, ಕಂದು ಬಣ್ಣದ ಪುಡಿಯಂಥ ಹೊಟ್ಟು ಏಳುತ್ತದೆ, ಅದನ್ನು ಕೀಳಬಾರದು, ತಾನಾಗಿ ಉದುರಬೇಕು. "ಏನೇ ಆದ್ರೂ ಫೋನ್ ಮಾಡಿ. ನೀವೇ ಔಷಧಿ ಮಾಡಬೇಡಿ."

ಮನೆಯಲ್ಲಿ ತಣ್ಣಗೆ, ಕತ್ತಲಾಗಿ ಇರುವ ಜಾಗ ಯಾವುದು? ಹುಳದ ಮನೆಗೆ ಅಂಟಿಕೊಂಡ ಸೊಪ್ಪಿನ ಕೋಣೆ. ಸೊಪ್ಪು ಬಾಡದಿರಲೆಂದು ಕಿಟಕಿಗೆಲ್ಲ ಒದ್ದೆ ಗೋಣಿ ಕಟ್ಟಿರುತ್ತಾರೆ. ಭಾನುಪ್ರಕಾಶ ಅಲ್ಲೇ ಮಂಚ ಹಾಕಿಸಿ, ಎತ್ತರದ ದಿಂಬಿಟ್ಟು, ತನ್ನ ಬುದ್ಧಿವಂತಿಕೆಯನ್ನು ತಾನೇ ಮೆಚ್ಚಿಕೊಂಡ. ಅದು ತಪ್ಪೆಂದು ಆಮೇಲೆ ತಿಳಿಯಿತು, ರೇಷ್ಮೆ ಸಾಕುವ ಮನೆಯಲ್ಲಷ್ಟೇ ಆಗಬಹುದಾದ ತಪ್ಪು.

ಮಾರನೆಯ ದಿನ ಹುಳು ಜ್ವರಕ್ಕೆ ಕೂತವು. ಹುಳು ಮೈಯ ಹಳೇ ಪೊರೆ ಬಿಡಲು ಸೊಪ್ಪು ತಿನ್ನದೆ ಅಲುಗಾಡದೆ ಕೂರುವುದಕ್ಕೆ ಈ ಕಡೆ ಜ್ವರ ಅನ್ನುತ್ತಾರೆ. ಆಗ ತಟ್ಟೆಗಳ ಮೇಲೆ ಸುಣ್ಣದ ಪುಡಿ ಎರಚಿ ಒಣಗಿಸಬೇಕು. ಕಲ್ಯಾಣಿಯ ಕೆಲಸವನ್ನು ಭಾನುಪ್ರಕಾಶ ಉತ್ಸಾಹದಿಂದ ಎತ್ತಿಕೊಂಡ. ಫ್ಯಾನು ಹಾಕಿದ, ನಡುವಿನ ಬಾಗಿಲು ಹಾಕುವುದನ್ನು ಮರೆತ, ಬೊಗಸೆ ಬೊಗಸೆ ಸುಣ್ಣ ಎರಚಿದ. ಬಿಳೀ ಹೊಗೆ ಬಾಗಿಲು ದಾಟಿ ಸೊಪ್ಪಿನ ಕೋಣೆಗೆ ನುಗ್ಗಿತು.

ಕಲ್ಯಾಣಿ ಕಿರುಚಿದ್ದು ಡೇರಿಯತನಕ ಕೇಳಿಸಿತಂತೆ.

ಭಾನುಪ್ರಕಾಶ ಸುಣ್ಣದ ಪುಟ್ಟಿ ಹಿಡಿದು ನಿಂತಲ್ಲೇ ನಿಂತ. ಕೊಂಡಮ್ಮ ಓಡಿಬಂದಳು. ಸೊಸೆಯ ರಟ್ಟೆ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋಗಿ, "ಕಣ್ಣು ಮುಚ್ಚು, ಉಜ್ಜಬೇಡ, ಮುಖ ಬಗ್ಸು," ಎನ್ನುತ್ತಾ ಹಂಡೆಯ ತಣ್ಣೀರನ್ನು ಚೊಂಬು ಚೊಂಬಾಗಿ ಸುರಿದಳು. ಮಗನಿಗೆ ಕೂಗಿದಳು. "ಏನೋ ನೋಡ್ತಾ ನಿಂತಿದೀಯಾ, ಆ ಡಾಕ್ಟ್ರಮ್ಮಂಗೆ ಫೋನ್ ಹಚ್ಚು!"

ನೀರು ಹಾಕುತ್ತಲೇ ಇರಿ, ಆಮೇಲೆ ಕರೆತನ್ನಿ ಅಂದರು ಡಾಕ್ಟರು. ಬಾಡಿಗೆ ಕಾರಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಓಡಿದರು. ಡಾಕ್ಟರು ಕಣ್ಣನ್ನೇ ಮೊದಲು ನೋಡಿದರು. ಕಣ್ಣಿಗೆ ಏನೂ ಆಗಿರಲಿಲ್ಲ. ಬೇಗ ತೊಳೆದದ್ದು ಉಳಿಸಿತು ಅಂದರು. ಎಡಗೆನ್ನೆಯ ಒಂದು ಕಡೆ ಮಾತ್ರ ಕಪ್ಪಾಗಬಹುದು, ಅದು ಹೋಗಲು ಸಮಯ ಬೇಕು, ಎರಡನೇ ಸಿಟ್ಟಿಂಗ್ ಮುಂದಕ್ಕೆ ಹೋಗುತ್ತದೆ ಅಂದರು.

ಹೊರಗೆ ಬಂದು ಭಾನುಪ್ರಕಾಶ ಹೆಂಡತಿಯ ಮುಂದೆ ನಿಂತ. "ನಂದೇ ತಪ್ಪು ಕಣೇ. ಬೇಕಂತ ಮಾಡ್ಲಿಲ್ಲ."

"ಗೊತ್ತು," ಅಂದಳು ಕಲ್ಯಾಣಿ. "ಬೇಕಂತ ಮಾಡಿದ್ರೆ ಬಾಗಿಲು ಹಾಕಿರ್ತಿದ್ರಿ. ನೀವು ಬೇಕಂತ ಮಾಡಿದ್ದೆಲ್ಲ ಉಲ್ಟಾನೇ ಅಲ್ವಾ ಆಗೋದು?"

ಅವನು ನಕ್ಕ, ಕಣ್ಣೊರೆಸಿಕೊಂಡೂ ನಕ್ಕ.

ಅಂದಿನಿಂದ ಕಲ್ಯಾಣಿಯ ಉಸ್ತುವಾರಿ ಪೂರ್ತಿ ಕೊಂಡಮ್ಮನ ಕೈಗೆ ಬಂತು. ತನ್ನ ಕೋಣೆಯನ್ನೇ ಬಿಟ್ಟುಕೊಟ್ಟು ಬಾಗಿಲಿಗೆ ಅಡ್ಡ ಚಾಪೆ ಹಾಕಿಕೊಂಡು ಕೂತಳು. ಆಂಜಿನಮ್ಮ ಬಟ್ಟಲಲ್ಲಿ ಅರಿಶಿನ, ಹಾಲಿನ ಕೆನೆ ಕಲಸಿಕೊಂಡು ಬಂದಳು. "ಇದನ್ನ ಹಚ್ಚಿದ್ರೆ ಎರಡು ದಿನಕ್ಕೆ ಆರುತ್ತೆ."

"ಒಳಗೆ ಬಿಡಾಕಿಲ್ಲ," ಅಂದಳು ಕೊಂಡಮ್ಮ.

"ನೋಡ್ಕೊಂಡು ಹೋಗ್ತೀನಿ ಅಕ್ಕಾ, ಅಷ್ಟೇ."

"ಜ್ವರಕ್ಕೆ ಕೂತಿರೋ ಹುಳನ ಮುಟ್ತೀಯೇನೇ ನೀನು? ಸೊಪ್ಪು ಹಾಕ್ತೀಯಾ? ಪೊರೆ ಕಿತ್ತು ನೋಡ್ತೀಯಾ? ಇಲ್ಲ ತಾನೇ? ಇವಳೂ ಪೊರೆ ಬಿಡ್ತಾವ್ಳೆ. ಬಿಟ್ಟ ಮೇಲೆ ಬಾ, ಕಾಫಿ ಕೊಡ್ತೀನಿ."

ಒಳಗಿದ್ದ ಕಲ್ಯಾಣಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಕೆನ್ನೆ ಬಿಗಿಯುತ್ತಿತ್ತು, ಆದರೂ ನಕ್ಕಳು. ಆಂಜಿನಮ್ಮ ಅರಿಶಿನದ ಬಟ್ಟಲನ್ನು ಹಾಗೇ ವಾಪಸ್ ತೆಗೆದುಕೊಂಡು ಹೋದಳು.

ವಾರದೊಳಗೆ ಹೊಟ್ಟು ಉದುರಿತು. ಕೆಳಗೆ ಗುಲಾಬಿ ಬಣ್ಣದ ಹೊಸ ಚರ್ಮ. ಎಡಗೆನ್ನೆಯ ಕಪ್ಪು ಮಾತ್ರ ಯುಗಾದಿಗೂ ಹೋಗಲಿಲ್ಲ, ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಹೊತ್ತಿಗೂ ಹೋಗಲಿಲ್ಲ. ಕಲ್ಯಾಣಿ ದಿನಾ ಕ್ರೀಮು ಹಚ್ಚಿದಳು, ಹ್ಯಾಟು ಹಾಕಿದಳು, ಕಾದಳು. ಭಾನುಪ್ರಕಾಶ ಬಿರುಬಿಸಿಲಲ್ಲಿ ಸೊಪ್ಪು ಕೊಯ್ದ. ಡೇರಿ ಮುಂದೆ ಯಾರೋ "ಏನ್ ಸೆಕ್ರೆಟರಿ, ಹೆಂಡ್ತಿ ಮುಖ ರಿಪೇರಿಯಂತೆ?" ಅಂದಾಗ, "ಹೌದಪ್ಪ, ನಿನ್ನ ಹಾಲಿಗಿಂತ ಅದು ಸಾಚಾ ಕೆಲಸ," ಎಂದು ಎಲ್ಲರೆದುರಿಗೆ ಹೇಳಿ ಬಂದ. ಹೇಳಿದ್ದನ್ನು ಮನೆಗೆ ಬಂದು ಎರಡು ಸಲ ವರದಿ ಮಾಡಿದ.

ಮುಂಗಾರಿನ ಮೋಡ ಕಟ್ಟುವ ಹೊತ್ತಿಗೆ ಕಪ್ಪು ಕರಗಿತ್ತು. ಎರಡನೇ ಸಿಟ್ಟಿಂಗೂ ಮುಗಿಯಿತು. ಈ ಸಲ ನಡುವಿನ ಬಾಗಿಲಿಗೆ ಭಾನುಪ್ರಕಾಶ ಬೀಗವನ್ನೇ ಜಡಿದಿದ್ದ.

ಶ್ರಾವಣದಲ್ಲಿ ಚಿಂತಾಮಣಿಯ ಕಲ್ಯಾಣ ಮಂಟಪದಲ್ಲಿ ಮದುವೆ. ಬ್ಯಾಂಡ್‌ಸೆಟ್ಟು ಇರಲಿಲ್ಲ, ಅದು ಇಲ್ಲವೆಂದು ಯಾರಿಗೂ ಹೊಳೆಯಲೂ ಇಲ್ಲ. ಧಾರೆ ಮುಗಿದು ಫೋಟೋದ ಹೊತ್ತಾಯಿತು. ಯಾರೋ ಅಭ್ಯಾಸದಿಂದ ಕಲ್ಯಾಣಿಯ ಕೈಗೆ ಆರತಿ ತಟ್ಟೆ ಕೊಡಲು ಬಂದರು. ಅವಳು ಅದನ್ನು ಭಾನುಪ್ರಕಾಶನ ಕೈಗೆ ಕೊಟ್ಟು ಹರಿಣಿಯ ಪಕ್ಕ ಮುಂದಕ್ಕೆ ಬಂದು ನಿಂತಳು. ಬಾಗಿಲಿನ ಬೆಳಕು ನೇರ ಮುಖದ ಮೇಲೆ ಬಿತ್ತು. ಕೆನ್ನೆಯ ಗುಳಿಗಳು ಬಹುಪಾಲು ತುಂಬಿ ಮೇಲಕ್ಕೆ ಬಂದಿದ್ದವು. ಹಣೆಯ ಅಂಚಿನಲ್ಲಿ ಎರಡು, ಬಲಗೆನ್ನೆಯ ಮೇಲೊಂದು ಆಳವಾಗಿ ಹಾಗೇ ಉಳಿದಿದ್ದವು.

ನಿಶ್ಚಿತಾರ್ಥಕ್ಕೆ ಬಂದಿದ್ದ ಅದೇ ಫೋಟೋದವನು ಕ್ಯಾಮೆರಾದೊಳಗೆ ನೋಡಿ, "ಮೇಡಂ, ಚೆನ್ನಾಗಿ ಕಾಣ್ತಿದೀರಿ. ಆ ಮೂರು ಗುರುತು ಇದಾವಲ್ಲ, ಆಮೇಲ್ ತೆಗೆದುಬಿಡ್ತೀನಿ," ಅಂದ.

"ಏಯ್, ಮುಟ್ಟಬೇಡ!" ಮುಂದಿನ ಸಾಲಿನ ಕುರ್ಚಿಯಿಂದ ಕೊಂಡಮ್ಮ ಗದರಿದಳು. ಮಂಟಪವೆಲ್ಲ ತಿರುಗಿ ನೋಡಿತು. "ಅವು ಗಂಗಮ್ಮನವು!"

ಫೋಟೋದವನು ಕಕ್ಕಾಬಿಕ್ಕಿಯಾಗಿ ಕಲ್ಯಾಣಿಯ ಮುಖ ನೋಡಿದ. ಕಲ್ಯಾಣಿ ಅತ್ತೆಯ ಕಡೆ ಒಮ್ಮೆ ನೋಡಿ, ಗಲ್ಲ ಎತ್ತಿ, ಕ್ಯಾಮೆರಾಕ್ಕೆ ಮುಖ ಕೊಟ್ಟಳು.

"ನನ್ನ ಪಾಲು ನಾನು ತಗೊಂಡಾಯ್ತು ಕಣಪ್ಪ," ಅಂದಳು. "ಅವು ಅವಳ ಪಾಲಿನವು. ಇರೋ ಹಂಗೇ ತೆಗಿ."